ಸೈಕಲ್ ಕೊಟ್ಟರು, ದಾರಿ ಕೊಡಲಿಲ್ಲ

ಭದ್ರಾವತಿಯ ಹಿರಿಯರನ್ನು ಹಳೇ ಕಾಲದ ಬಗ್ಗೆ ಕೇಳಿ ನೋಡಿ. ಮಾತು ಕಾರ್ಖಾನೆ ಗೇಟಿಗೆ ಬಂದೇ ಬರುತ್ತದೆ. ಪಾಳಿ ಬಿಟ್ಟ ಹೊತ್ತಿಗೆ ಸಾಲು ಸಾಲು ಸೈಕಲ್. ಹ್ಯಾಂಡಲ್‌ಗೆ ಊಟದ ಡಬ್ಬಿ, ಹಿಂದಿನ ಕ್ಯಾರಿಯರ್‌ಗೆ ಸಿಕ್ಕಿಸಿದ ಚೀಲ. ಜನ್ನಾಪುರ, ಹೊಸಮನೆ, ನ್ಯೂಟೌನ್, ಆಚೆಯ ಹಳ್ಳಿಗಳು ಅಂತ ಆ ಸಾಲು ದಾರಿ ದಾರಿಗೂ ಒಡೆದು ಹೋಗುತ್ತಿತ್ತು. ನಾವು ಆ ಸಾಲು ನೋಡಿದವರಲ್ಲ. ಆದರೆ ಅದೇ ಸೈಕಲ್ ತುಳಿದು ತಂದ ಸಂಬಳದಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ನಾವು.

ಇವತ್ತು ಅದೇ ರಸ್ತೆಗೆ ಮಗನನ್ನೋ ಮಗಳನ್ನೋ ಸೈಕಲ್‌ನಲ್ಲಿ ಕಳಿಸಲು ತಾಯಂದಿರು ಹೆದರುತ್ತಾರೆ. ಈ ಹೆದರಿಕೆ ಹೇಗೆ ಬಂತು ಎಂದು ಹುಡುಕುತ್ತಾ ಹೋದರೆ ನಮ್ಮ ಎರಡು ಊರುಗಳ ನೂರು ವರ್ಷದ ಕಥೆಯೇ ಸಿಗುತ್ತದೆ.

ಕಬ್ಬಿಣದ ಊರಿಗೆ ಬಂದ ಸೈಕಲ್

ಒಂದು ಕಾಲಕ್ಕೆ ಬೆಂಕಿಪುರ ಎನ್ನಿಸಿಕೊಂಡಿದ್ದ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು. ಅದರ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಶ್ರಮವಿತ್ತು. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ ಕಾಗದದ ಕಾರ್ಖಾನೆ, ಅಂದರೆ ಎಂಪಿಎಂ ಸ್ಥಾಪನೆಯಾಯಿತು. ಕೆಲಸ ಹುಡುಕಿಕೊಂಡು ಜನ ಬಂದರು, ಊರು ಬೆಳೆಯಿತು.

ಪಾಳಿ ಕೆಲಸಕ್ಕೆ ಬಸ್ಸು ಹೊಂದುವುದಿಲ್ಲ. ನಡುರಾತ್ರಿ ಕೆಲಸ ಬಿಟ್ಟವನಿಗೆ ಯಾವ ಬಸ್ಸು ಕಾಯುತ್ತದೆ? ಹಾಗಾಗಿ ಕಾರ್ಮಿಕನ ಗಾಡಿ ಎಂದರೆ ಸೈಕಲ್. ಮೊದಲು ಇಂಗ್ಲೆಂಡಿನ ರ‍್ಯಾಲಿ, ಹಂಬರ್‌ನಂಥ ದುಬಾರಿ ಸೈಕಲ್‌ಗಳಿದ್ದವು. ಸ್ವಾತಂತ್ರ್ಯ ಬಂದ ಮೇಲೆ ಮದ್ರಾಸಿನ ಟಿಐ, ಸೋನಿಪತ್‌ನ ಅಟ್ಲಾಸ್, ಲುಧಿಯಾನದ ಹೀರೋ ಕಂಪನಿಗಳು ಇಲ್ಲೇ ಸೈಕಲ್ ತಯಾರಿಸತೊಡಗಿದವು. ಆಗ ಸೈಕಲ್ ಸಾಮಾನ್ಯರ ಕೈಗೂ ಸಿಕ್ಕಿತು. ಕೊಳ್ಳಲಾಗದವರಿಗೆ ಬಾಡಿಗೆ ಸೈಕಲ್ ಶಾಪ್ ಇತ್ತು. ಬಾರ್ ಕೆಳಗೆ ಕಾಲು ತೂರಿಸಿ, ಓರೆಯಾಗಿ ಪೆಡಲ್ ತುಳಿದು ಕಲಿತವರು ಇದನ್ನು ಓದುತ್ತಿದ್ದರೆ ಈಗ ನಗುತ್ತಿರಬೇಕು.

ತೆರಿಗೆಗೆ ಲೆಕ್ಕ, ದಾರಿಗೆ ಇಲ್ಲ

ಆಗ ಸೈಕಲ್‌ಗೂ ತೆರಿಗೆ ಇತ್ತು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲೂ ಮೋಟಾರು ಇಲ್ಲದ ವಾಹನಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಪುರಸಭೆಗೆ ಕೊಡಲಾಗಿತ್ತು. ದುಡ್ಡು ಕಟ್ಟಿದರೆ ಒಂದು ಬಿಲ್ಲೆ. ಬಿಲ್ಲೆ ಇಲ್ಲದಿದ್ದರೆ, ರಾತ್ರಿ ದೀಪ ಇಲ್ಲದಿದ್ದರೆ, ಡಬಲ್ ರೈಡ್ ಹೊಡೆದರೆ ಹಿಡಿಯುತ್ತಿದ್ದರು.

ಅಂದರೆ ಸೈಕಲ್ ಸರ್ಕಾರದ ಕಣ್ಣಿಗೆ ಬಿದ್ದಿತ್ತು. ಹಾಗಾದರೆ ಸೈಕಲ್‌ಗೆ ದಾರಿ?

ದಾರಿಯ ಬಗ್ಗೆಯೂ ಬರೆದಿಟ್ಟಿದ್ದರು. ನಮ್ಮ ದೇಶದಲ್ಲಿ ರಸ್ತೆ ಹೇಗಿರಬೇಕು ಎಂದು ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದು 1962ರಲ್ಲೇ ಸೈಕಲ್ ಪಥಕ್ಕೆಂದು ಒಂದು ಮಾರ್ಗಸೂಚಿ ತಂದಿತ್ತು. ಹೆಚ್ಚು ಓಡಾಟದ ಹೊತ್ತಿನಲ್ಲಿ ಗಂಟೆಗೆ 400 ಸೈಕಲ್, 100ರಿಂದ 200 ಮೋಟಾರು ವಾಹನ ಇರುವ ರಸ್ತೆಗೆ ಪ್ರತ್ಯೇಕ ಸೈಕಲ್ ಪಥ ಬೇಕು ಎಂದಿತು. ಮೋಟಾರು ವಾಹನ 200 ದಾಟಿದರೆ 100 ಸೈಕಲ್ ಇದ್ದರೂ ಸಾಕು, ಪಥ ಮಾಡಬಹುದು ಎಂದಿತು. ಪಥದ ಅಗಲ ಕನಿಷ್ಠ 2 ಮೀಟರ್.

ಇದು ಕಾನೂನಲ್ಲ, ಶಿಫಾರಸು. ಆದರೂ ಪಾಳಿ ಬಿಟ್ಟ ಹೊತ್ತಿನ ಭದ್ರಾವತಿಯನ್ನು ನೆನೆಸಿಕೊಂಡು ಈ ಅಂಕಿ ಓದಿ. ತೆರಿಗೆಗೆ ಲೆಕ್ಕಕ್ಕೆ ಬಂದ ಸೈಕಲ್, ದಾರಿಯ ವಿಷಯಕ್ಕೆ ಬಂದಾಗ ಲೆಕ್ಕಕ್ಕೇ ಬರಲಿಲ್ಲ.

ಕಡಿಮೆಯಾದ ಸೈಕಲ್, ಬೆಳೆದ ರಸ್ತೆ

ಆಮೇಲೆ ಮೊಪೆಡ್ ಬಂತು, ಬೈಕ್ ಬಂತು. ಎಂಪಿಎಂನಲ್ಲಿ 2015ರ ಸುಮಾರಿಗೆ ಉತ್ಪಾದನೆ ನಿಂತಿತು. ವಿಐಎಸ್ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಗೇಟಿನ ಮುಂದಿನ ಸೈಕಲ್ ಸಾಲು ಕರಗಿತು. ಇತ್ತ ಬಿ.ಎಚ್. ರಸ್ತೆ ಅಗಲವಾಯಿತು, ಗಾಡಿಗಳ ವೇಗ ಏರಿತು. 1962ರ ಆ 200 ವಾಹನದ ಲೆಕ್ಕ ಈಗ ಕೇಳಿದರೆ ನಗು ಬರುತ್ತದೆ.

ಆದರೆ ಸೈಕಲ್ ಹೋಗಿಬಿಟ್ಟಿತು ಎನ್ನುವುದು ಸುಳ್ಳು. 2011ರ ಜನಗಣತಿಯ ಪ್ರಕಾರ ದೇಶದ 100 ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು. ಬೈಕ್, ಸ್ಕೂಟರ್ ಇದ್ದದ್ದು 21ರಲ್ಲಿ ಮಾತ್ರ. ಬೆಳಿಗ್ಗೆ ಪೇಪರ್ ಹಾಕುವ ಹುಡುಗ, ಹಾಲಿನವರು, ಕಟ್ಟಡ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗುವವರು ಇನ್ನೂ ತುಳಿಯುತ್ತಲೇ ಇದ್ದಾರೆ.

ಮಕ್ಕಳೂ ತುಳಿದರು. 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಮುಂದೆ ಗಂಡುಮಕ್ಕಳಿಗೂ ಸಿಕ್ಕಿತು. ಆಗ ಹಣಕಾಸು ಖಾತೆ ಇದ್ದದ್ದು ನಮ್ಮದೇ ಜಿಲ್ಲೆಯ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಅವರ ಕೈಯಲ್ಲಿ. ಹೈಸ್ಕೂಲು ದೂರ ಎಂದು ಓದು ಬಿಡಬೇಕಿದ್ದ ಎಷ್ಟೋ ಹುಡುಗಿಯರಿಗೆ ಅದು ದೊಡ್ಡ ಆಸರೆ. ಆದರೆ ಸೈಕಲ್ ಕೊಟ್ಟವರು ಅದು ಓಡುವ ರಸ್ತೆಯ ಅಂಚನ್ನು ನೋಡಲಿಲ್ಲ. ಕೊರೊನಾ ಬಂದ ಮೇಲೆ ಸೈಕಲ್ ವಿತರಣೆಯೂ ನಿಂತಿತು. 2022ರಲ್ಲಿ ದೇಶದ ರಸ್ತೆಗಳಲ್ಲಿ 4 ಸಾವಿರಕ್ಕೂ ಹೆಚ್ಚು ಸೈಕಲ್ ಸವಾರರು ಸತ್ತರು.

ಕೇಳಿದವರಿಗೆ ಸಿಕ್ಕಿದ್ದು

ಸೈಕಲ್ ದೇಶ ಎಂದು ಈಗ ಹೆಸರಾದ ನೆದರ್ಲೆಂಡ್ಸ್ ಕೂಡ ಹುಟ್ಟುತ್ತಲೇ ಹಾಗಿರಲಿಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಕ್ಕೆ 3 ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು, ಮಕ್ಕಳು ರಸ್ತೆಗೆ ಕೂತು ದಾರಿ ಕೇಳಿದರು. ಕೇಳಿದ್ದಕ್ಕೆ ಸಿಕ್ಕಿತು.

ನಮ್ಮಲ್ಲೂ ಕಾಗದದ ಮೇಲೆ ಮಾತು ಬದಲಾಗಿದೆ. ರಸ್ತೆ ಇರುವುದು ವಾಹನಕ್ಕಲ್ಲ, ಜನರಿಗೆ ಎಂಬ ಅರ್ಥದ ಮಾತು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿದೆ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಶುರುವಾಯಿತು. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ನಡೆಯುವವರು ಮತ್ತು ಸೈಕಲ್ ಸವಾರರ ಹಕ್ಕಿಗಾಗಿ ಒಂದು ಮಸೂದೆಯ ಕರಡನ್ನೂ ಸಿದ್ಧಪಡಿಸಿತು. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಮೇಲೆ ಸೈಕಲ್ ಪಥದ ಮಾತು ಇಲ್ಲೂ ಬಂತು. ಆದರೆ ಬಣ್ಣ ಬಳಿದ ಪಥದ ಮೇಲೆ ಕಾರು ನಿಂತರೆ ಅದು ಪಥವಲ್ಲ, ಪಾರ್ಕಿಂಗ್. ಪಥ ನಗರದ ಒಳಗೇ ಮುಗಿದರೆ ಹಳ್ಳಿಯಿಂದ ಬರುವವನಿಗೆ ಅದರಿಂದ ಏನೂ ಸಿಗುವುದಿಲ್ಲ.

ಹಾಗಾಗಿ ನಮ್ಮದೊಂದು ಸಲಹೆ. ನಿಮ್ಮೂರಿನಿಂದ ಮುಖ್ಯ ರಸ್ತೆಗೆ ಸೇರುವ ಕಡೆ ಒಂದು ಬೆಳಿಗ್ಗೆ, ಶಾಲೆ ಹೊತ್ತಿಗೆ, ಒಂದು ಗಂಟೆ ನಿಲ್ಲಿ. ಸೈಕಲ್ ಎಷ್ಟು, ಮೋಟಾರು ವಾಹನ ಎಷ್ಟು, ಎಣಿಸಿ. ನಿಂತ ಜಾಗ, ತಾರೀಕು, ಹೊತ್ತು ಬರೆದುಕೊಳ್ಳಿ. ಆ ಚೀಟಿಯನ್ನು ಅರ್ಜಿಗೆ ಲಗತ್ತಿಸಿ ಗ್ರಾಮಸಭೆಯಲ್ಲಿ ಕೊಡಿ, ಒಂದು ಪ್ರತಿಯನ್ನು ಲೋಕೋಪಯೋಗಿ ಇಲಾಖೆಗೆ ಕಳಿಸಿ. ಸ್ವೀಕೃತಿ ಕೇಳಿ ಪಡೆಯಿರಿ.

ಹಿಂದೆ ಬಿಲ್ಲೆಗಾಗಿ ಸೈಕಲ್ ಎಣಿಸಿದವರು ಅವರು. ದಾರಿಗಾಗಿ ಈ ಸಲ ನಾವೇ ಎಣಿಸೋಣ.