ಅಕ್ಷರಗುಂಡಿಗೆ ಹೋಗುವ ದಾರಿ

ನೋಡತಕ್ಕ ವಸ್ತು ಎಲ್ಲಿದೆಯೋ ಅದೇ ಪ್ರವಾಸಿ ತಾಣ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ಬೇಲೂರಿಗೆ ಶಿಲ್ಪ, ಜೋಗಕ್ಕೆ ಜಲಪಾತ, ಸ್ವಿಟ್ಜರ್‌ಲೆಂಡಿಗೆ ಹಿಮದ ಬೆಟ್ಟ. ಈ ಲೆಕ್ಕ ನಿಜವಾಗಿದ್ದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಇಷ್ಟು ಹೊತ್ತಿಗೆ ನಾಡಿನ ಹೆಸರಾಂತ ಪ್ರವಾಸಿ ತಾಲ್ಲೂಕಾಗಬೇಕಿತ್ತು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಹತ್ತಿರ ಹತ್ತಿರದ ಮೂರು ಜಾಗಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕರ್ನಾಟಕದ ನೆಲದಲ್ಲಿ ಸಿಕ್ಕಿರುವ ಅತಿ ಹಳೆಯ ಬರಹಗಳ ಸಾಲಿಗೆ ಇವು ಸೇರುತ್ತವೆ. ಆದರೂ ಚಿತ್ರದುರ್ಗದ ಕೋಟೆ ಹತ್ತಿಳಿದ ಪ್ರವಾಸಿ ಹಂಪಿಯ ಕಡೆ ಮುಖ ಮಾಡುತ್ತಾನೆಯೇ ಹೊರತು ಮೊಳಕಾಲ್ಮುರಿಗೆ ಒಯ್ಯುವ ಚಳ್ಳಕೆರೆಯ ರಸ್ತೆ ಹಿಡಿಯುವುದು ಅಪರೂಪ. ವಸ್ತುವಿದ್ದ ಮಾತ್ರಕ್ಕೆ ಜನ ಬರುವುದಿಲ್ಲ, ಹೋಗಿ ಬರುವ ದಾರಿಯ ಖಾತರಿ ಇದ್ದಲ್ಲಿಗೆ ಬರುತ್ತಾರೆ ಎಂಬುದು ನನ್ನ ವಾದ. ಇದಕ್ಕೆ ಸಾಕ್ಷ್ಯ ಎರಡು ಕಡೆ ಇದೆ. ಒಂದು, ಮೊಳಕಾಲ್ಮುರಿನ ಆ ಕಲ್ಲುಗಳ ಮೇಲೆಯೇ. ಇನ್ನೊಂದು, ಆ ಕಲ್ಲುಗಳನ್ನು ಕೂತು ಓದಿದ ವಿದ್ವಾಂಸರ ನಾಡಾದ ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್, ಜರ್ಮನಿಗಳ ಪ್ರವಾಸದ ಚರಿತ್ರೆಯಲ್ಲಿ.

ಮೊದಲು ಕಲ್ಲಿನ ಸಾಕ್ಷ್ಯ. ಬ್ರಹ್ಮಗಿರಿಯ ಶಾಸನವಿರುವ ಬಂಡೆಗೆ ಊರವರು ಇಟ್ಟ ಹೆಸರು ಅಕ್ಷರಗುಂಡು. ಅದರ ಬರಹ ಕಾಗದ ಬರೆಯುವವರ ಧಾಟಿಯಲ್ಲೇ ಶುರುವಾಗುತ್ತದೆ: ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಲ್ಲಿನ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ದೊರೆಯ ಮಾತನ್ನು ತಿಳಿಸುತ್ತಾರೆ. ಇಸಿಲವೆಂದರೆ ಬ್ರಹ್ಮಗಿರಿಯ ಬುಡದಲ್ಲಿದ್ದ ಪಟ್ಟಣ. ಸುವರ್ಣಗಿರಿಯನ್ನು ಕೆಲವರು ಮಸ್ಕಿಯ ಆಸುಪಾಸಿನಲ್ಲಿ, ಕೆಲವರು ಕರ್ನೂಲು ಸೀಮೆಯ ಜೊನ್ನಗಿರಿಯಲ್ಲಿ ಗುರುತಿಸುತ್ತಾರೆ. ಯಾವುದೇ ಆದರೂ ಅಲ್ಲಿಂದ ಇಲ್ಲಿಗೆ ಹಲವು ದಿನದ ನಡಿಗೆ, ಅಷ್ಟೂ ದಾರಿಯಲ್ಲಿ ದೂತರಿಗೆ ತಂಗಲು ನೆಲೆ, ಕುಡಿಯಲು ನೀರು ಬೇಕು. ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ. ಉಳಿದುದೆಲ್ಲ ಬ್ರಾಹ್ಮಿಯಲ್ಲಿದ್ದರೂ ತನ್ನ ವೃತ್ತಿಯನ್ನು ಹೇಳುವ ಒಂದು ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿದ. ಖರೋಷ್ಠಿ ಗಾಂಧಾರದ ಕಡೆಯ, ಎಂದರೆ ಇಂದಿನ ಪೇಶಾವರದ ಸುತ್ತಿನ ಲಿಪಿ. ಅಲ್ಲಿ ಅಕ್ಷರ ಕಲಿತ ಒಬ್ಬ ಕಸುಬುದಾರ ಚಿನ್ನಹಗರಿಯ ದಂಡೆಯ ಈ ಬಯಲಿಗೆ ಬಂದು ಮೂರು ಬಂಡೆಗಳಿಗೂ ಸಹಿ ಮಾಡಿ ಹೋಗುವಷ್ಟು ಸಲೀಸಾದ ಸಂಚಾರ ಆ ಕಾಲಕ್ಕಿತ್ತು. ಮಸ್ಕಿ, ಕೊಪ್ಪಳ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೊಳ, ಕರ್ನೂಲಿನ ಎರ್ರಗುಡಿ ಎಂದು ಅಶೋಕನ ಇತರ ಶಾಸನಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಒಂದು ದಾರಿಯ ಗೆರೆ ತಾನಾಗಿ ಮೂಡುತ್ತದೆ. ಎಂ.ಎಚ್. ಕೃಷ್ಣ ಅವರ ಉತ್ಖನನದ ಬಳಿಕ 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನು ಅಗೆದಾಗ, ಪುದುಚೇರಿಯ ಹತ್ತಿರದ ಅರಿಕಮೇಡುವಿನಲ್ಲಿ ತಾವು ಕಂಡಿದ್ದ ಬಗೆಯ ಗೀರುಗೆರೆಯ ಮಡಕೆ ಚೂರುಗಳು ಇಲ್ಲಿಯೂ ಸಿಕ್ಕವು. ಶಾಸನದ ಕಾಲದ ನಂತರವೂ ಈ ದಾರಿಯಲ್ಲಿ ಕರಾವಳಿಯ ಸರಕು ಬರುತ್ತಿತ್ತು.

ಇದು ರಾಜಕಾರ್ಯದ ಓಡಾಟ, ಪ್ರವಾಸವಲ್ಲ ಎಂದು ಯಾರಾದರೂ ಹೇಳಬಹುದು. ಅದಕ್ಕೆ ಉತ್ತರ ಅಶೋಕನಲ್ಲೇ ಇದೆ. ಹಿಂದಿನ ಅರಸರು ಬೇಟೆ ಮತ್ತು ಮೋಜಿಗಾಗಿ ವಿಹಾರಯಾತ್ರೆ ಹೊರಡುತ್ತಿದ್ದರು, ತಾನಾದರೋ ಪಟ್ಟಕ್ಕೆ ಬಂದು ಹತ್ತು ವರ್ಷವಾದ ಮೇಲೆ ಬುದ್ಧನಿಗೆ ಜ್ಞಾನೋದಯವಾದ ಸ್ಥಳಕ್ಕೆ ಹೋದೆ, ಅಂದಿನಿಂದ ಧರ್ಮಯಾತ್ರೆ ಶುರುವಾಯಿತು ಎಂದು ಎಂಟನೆಯ ಬಂಡೆಶಾಸನದಲ್ಲಿ ಹೇಳುತ್ತಾನೆ. ಹಿರಿಯರನ್ನು ಕಾಣುವುದು, ಹಳ್ಳಿಗಾಡಿನ ಜನರನ್ನು ಮಾತಾಡಿಸುವುದು ಆ ಯಾತ್ರೆಯ ಭಾಗ. ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು, ತಂಗುದಾಣ ಕಟ್ಟಿಸಿದ್ದನ್ನು ಬೇರೆ ಶಾಸನಗಳು ಹೇಳುತ್ತವೆ. ನೋಡುವುದಕ್ಕೆಂದೇ ಊರೂರು ತಿರುಗುವುದು, ತಿರುಗುವವರಿಗೆ ನೆರಳು ನೀರು ಒದಗಿಸುವುದು, ಇವೆರಡೂ ಒಂದೇ ಕೆಲಸದ ಎರಡು ಭಾಗವೆಂದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ಕಲ್ಲುಗಳು ಮತ್ತೆ ಬೆಳಕಿಗೆ ಬಂದದ್ದು 1892ರಲ್ಲಿ, ಮೈಸೂರು ಸಂಸ್ಥಾನದ ಬಿ.ಎಲ್. ರೈಸ್ ಅವರಿಂದ. ಅಲ್ಲಿಂದ ಮುಂದಿನ ಕಥೆ ಜರ್ಮನ್ ಮಾತಾಡುವ ನಾಡಿಗೆ ಹೋಗುತ್ತದೆ. ಶಾಸನದ ಪ್ರತಿ ತೆಗೆಯುವ ಕ್ರಮ ಸರಳ: ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಗಳಿಗೆ ಕೂರುವಂತೆ ಕುಂಚದಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ, ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬಿಳಿಯಾಗಿ ಏಳುತ್ತದೆ. ಇಂಥ ಅಚ್ಚುಪ್ರತಿಗಳನ್ನು ಓದಿ ಸಿದ್ದಾಪುರದ ಶಾಸನಗಳೆಂಬ ಹೆಸರಿನಲ್ಲಿ ‘ಎಪಿಗ್ರಾಫಿಯಾ ಇಂಡಿಕಾ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದವರು ವಿಯೆನ್ನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗೆಯೋರ್ಗ್ ಬ್ಯೂಲರ್. ಹ್ಯಾನೋವರ್ ಸೀಮೆಯಲ್ಲಿ ಹುಟ್ಟಿ, 1863ರಲ್ಲಿ ಮುಂಬಯಿಗೆ ಬಂದು, ಹಸ್ತಪ್ರತಿ ಹುಡುಕುತ್ತ ಗುಜರಾತ, ರಾಜಸ್ಥಾನ, ಕಾಶ್ಮೀರ ಸುತ್ತಿ, 1880ರಲ್ಲಿ ಆರೋಗ್ಯ ಕೆಟ್ಟು ಯೂರೋಪಿಗೆ ಮರಳಿದ ವಿದ್ವಾಂಸರು ಇವರು. ಮುಂದೆ 1925ರಲ್ಲಿ ಅಶೋಕನ ಎಲ್ಲ ಶಾಸನಗಳನ್ನು ಒಟ್ಟು ಮಾಡಿ ಸಂಪಾದಿಸಿದ ಯೂಜೆನ್ ಹುಲ್ಟ್ಸ್ ಕೂಡ ಡ್ರೆಸ್ಡೆನ್ ಊರಿನವರು, ಮದರಾಸು ಸರ್ಕಾರದ ಶಾಸನತಜ್ಞರಾಗಿದ್ದು ಆಮೇಲೆ ಹಾಲೆಯಲ್ಲಿ ಪ್ರಾಧ್ಯಾಪಕರಾದವರು. ಮೊಳಕಾಲ್ಮುರಿನ ಹೆಸರು ಹೀಗೆ ವಿಯೆನ್ನಾ, ಹಾಲೆಗಳ ಪುಸ್ತಕದ ಕಪಾಟು ಸೇರಿತು. ಶಾಸನದಲ್ಲಿ ಬರುವ 256 ಎಂಬ ಸಂಖ್ಯೆಯ ಮೇಲೆ ದೊಡ್ಡ ಚರ್ಚೆ ನಡೆಯಿತು. ಅದು ಬುದ್ಧ ನಿರ್ವಾಣ ಹೊಂದಿದ ಮೇಲೆ ಕಳೆದ ವರ್ಷಗಳ ಲೆಕ್ಕವೆಂದು ಬ್ಯೂಲರ್ ವಾದಿಸಿದ್ದರು. ಆದರೆ ಬಿಹಾರದ ಸಹಸ್ರಾಮದ ಪ್ರತಿಯಲ್ಲಿ 256 ರಾತ್ರಿಗಳೆಂದೇ ಇರುವುದನ್ನು ಆಧರಿಸಿ ಎಫ್.ಡಬ್ಲ್ಯು. ಥಾಮಸ್ ಅದನ್ನು ಊರು ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಎಣಿಕೆಯೆಂದು ತೋರಿಸಿದರು, ಹುಲ್ಟ್ಸ್ ಅದನ್ನು ಒಪ್ಪಿದರು. ಎಂದರೆ ನಮ್ಮ ಅಕ್ಷರಗುಂಡಿನ ಮೇಲಿರುವುದು ದೀರ್ಘ ಪ್ರವಾಸವೊಂದರ ದಾಖಲೆ.

ಬ್ಯೂಲರ್ ವಿಯೆನ್ನಾದಲ್ಲಿ ಈ ಕೆಲಸ ಮಾಡುತ್ತಿದ್ದ ಕಾಲಕ್ಕೆ ಆ ಊರಿನ ಜನ ರಜೆ ಬಂದರೆ ಸೆಮ್ಮರಿಂಗ್ ಬೆಟ್ಟಕ್ಕೆ ರೈಲು ಹತ್ತುತ್ತಿದ್ದರು. ಕಾರ್ಲ್ ಫಾನ್ ಗೇಗ ಕಟ್ಟಿದ ಆ 41 ಕಿಲೋಮೀಟರ್ ಹಳಿ 1854ರಲ್ಲಿ ಮುಗಿದಿತ್ತು, 1882ರಲ್ಲಿ ರೈಲ್ವೆ ಕಂಪನಿಯೇ ಅಲ್ಲೊಂದು ಹೋಟೆಲು ತೆರೆದಿತ್ತು. ಅದಕ್ಕೂ ಮುಂಚೆ ಸೆಮ್ಮರಿಂಗ್ ಎಂದರೆ ಸರಕಿನ ಗಾಡಿಗಳು ಏದುಸಿರು ಬಿಡುತ್ತ ದಾಟುವ ಕಣಿವೆ, ಯಾರೂ ನೋಡಲು ಹೋಗುತ್ತಿದ್ದ ಜಾಗವಲ್ಲ. ಸ್ವಿಟ್ಜರ್‌ಲೆಂಡಿನ ರಿಗಿ ಬೆಟ್ಟದ ಮೇಲೆ 1871ರಲ್ಲಿ ನಿಕ್ಲಾಸ್ ರಿಗೆನ್‌ಬಾಖ್ ಹಲ್ಲುಗಾಲಿಯ ರೈಲು ಓಡಿಸಿದ, 1912ರ ಹೊತ್ತಿಗೆ ಹಳಿ ಯುಂಗ್‌ಫ್ರಾವ್ ಬೆಟ್ಟದ ಹೆಗಲು ಮುಟ್ಟಿತು. ಕೊಬ್ಲೆಂಟ್ಸ್ ಊರಿನ ಪುಸ್ತಕ ವ್ಯಾಪಾರಿ ಕಾರ್ಲ್ ಬೇಡೆಕರ್ ಕೈಹೊತ್ತಗೆಗಳನ್ನು ಅಚ್ಚು ಹಾಕಿಸಿ, ಯಾವ ರೈಲು, ಯಾವ ಹೋಟೆಲು ಎಂದು ವಿವರಿಸಿ, ನೋಡಲೇಬೇಕಾದ್ದಕ್ಕೆ ನಕ್ಷತ್ರ ಗುರುತು ಕೊಟ್ಟ. ಆ ಸಂಸ್ಥೆ 1914ರಲ್ಲಿ ಹಿಂದೂಸ್ಥಾನದ ಬಗ್ಗೆಯೂ ಜರ್ಮನ್ ಭಾಷೆಯ ಕೈಹೊತ್ತಗೆ ತಂದಿತು. 1898ರ ಏಪ್ರಿಲಿನಲ್ಲಿ ಬ್ಯೂಲರ್ ವಿಯೆನ್ನಾದಿಂದ ತಮ್ಮ ಸಂಸಾರವಿದ್ದ ಜ್ಯೂರಿಕ್‌ಗೆ ಹೊರಟು, ನಡುವೆ ಲಿಂಡಾವ್ ಊರಿನಲ್ಲಿ ಇಳಿದು, ಬಾಡಿಗೆ ದೋಣಿಯೊಂದರಲ್ಲಿ ಕಾನ್‌ಸ್ಟನ್ಸ್ ಸರೋವರಕ್ಕೆ ಒಬ್ಬರೇ ಹೋದರು, ಅಲ್ಲೇ ಮುಳುಗಿ ತೀರಿಕೊಂಡರು. ದುರಂತದ ಆಚೆಗೆ ಗಮನಿಸಬೇಕಾದದ್ದು ಇಷ್ಟು: ಅಂದಿಗೇ ಒಬ್ಬ ಮೇಷ್ಟರು ದೂರದೂರಿಗೆ ಹೋಗುವ ದಾರಿಯಲ್ಲಿ ಇಳಿದು, ಸರೋವರ ನೋಡಿ, ಮುಂದಿನ ಗಾಡಿ ಹಿಡಿಯಬಹುದೆಂದು ಲೆಕ್ಕ ಹಾಕಬಹುದಾಗಿತ್ತು. ಮೈಸೂರು ಸೀಮೆಗೂ ಆಗ ರೈಲು ಬಂದಿತ್ತು, ಬೆಂಗಳೂರು ಹರಿಹರ ಹಳಿ 1889ರಲ್ಲಿ ಮುಗಿದಿತ್ತು. ಅದು ಚಳ್ಳಕೆರೆಯನ್ನು ಮುಟ್ಟದೆ ಪಶ್ಚಿಮಕ್ಕೆ ಸರಿದು ಹೋಯಿತು. ಚಿತ್ರದುರ್ಗ ಮತ್ತು ರಾಯದುರ್ಗಗಳ ನಡುವಿನ ಕೊಂಡಿ ಬೆಸೆದು ಚಳ್ಳಕೆರೆ, ಮೊಳಕಾಲ್ಮುರುಗಳಿಗೆ ರೈಲು ನಿಲ್ದಾಣ ಬರಬೇಕಾದರೆ ಸ್ವಾತಂತ್ರ್ಯ ಬಂದ ಮೇಲೂ ದಶಕಗಳೇ ಕಳೆದವು.

ಇಲ್ಲಿ ಏಳುವ ದೊಡ್ಡ ಆಕ್ಷೇಪ ಸೌಂದರ್ಯ ಮತ್ತು ಸಿರಿವಂತಿಕೆಯದು. ಆಲ್ಪ್ಸ್ ಎಲ್ಲಿ, ಜಾಲಿ ಮುಳ್ಳಿನ, ಶೇಂಗಾ ಹೊಲದ ನಮ್ಮ ಬಯಲುಸೀಮೆ ಎಲ್ಲಿ ಎಂಬ ಪ್ರಶ್ನೆ ಸಹಜ. ಆದರೆ ಹದಿನೆಂಟನೆಯ ಶತಮಾನ ಬರುವ ತನಕ ಯೂರೋಪಿನವರಿಗೆ ಆಲ್ಪ್ಸ್ ಭಯದ ಜಾಗವೇ ಆಗಿತ್ತು. ಬೆಟ್ಟದ ಹಳ್ಳಿಗಳು ಬಡತನದಲ್ಲಿದ್ದವು, ಗಂಡಸರು ಹೊಟ್ಟೆಪಾಡಿಗೆ ಪರದೇಶದ ಅರಸರ ದಂಡು ಸೇರುತ್ತಿದ್ದರು. ನೋಟ ಹಳೆಯದು, ನೋಡುವವರು ಹೊಸಬರು, ಇವೆರಡರ ನಡುವೆ ಬಂದದ್ದು ದಾರಿ. ದುಡ್ಡಿನ ಮಾತಿಗೂ ಪೂರ್ತಿ ಮಣಿಯಬೇಕಿಲ್ಲ. ಹಲ್ಲುಗಾಲಿಯ ರೈಲಿಗೆ ಬಂಡವಾಳ ಬೇಕು ನಿಜ, ಆದರೆ ಸ್ವಿಟ್ಜರ್‌ಲೆಂಡಿನ ಕಾಲುದಾರಿಗಳ ಹಳದಿ ಬಾಣದ ಹಲಗೆಗಳನ್ನು ದೇಶವ್ಯಾಪಿ ಮಾಡಿದ ಸಂಘ 1934ರಲ್ಲಿ ಹುಟ್ಟಿದ್ದು ಯೋಹಾನ್ ಯಾಕೋಬ್ ಎಸ್ ಎಂಬ ಶಾಲಾ ಮೇಷ್ಟರ ಮುತುವರ್ಜಿಯಿಂದ. ಹಳ್ಳಿಯ ಬಸ್ಸು ರೈಲಿನ ಹೊತ್ತಿಗೆ ಸರಿಯಾಗಿ ನಿಲ್ದಾಣದ ಮುಂದೆ ಇರಬೇಕೆಂಬ ಶಿಸ್ತು, 1982ರಲ್ಲಿ ಬಂದ ಗಂಟೆಗೊಂದು ರೈಲಿನ ವೇಳಾಪಟ್ಟಿ, ಇವುಗಳಲ್ಲಿ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಲೆಕ್ಕಾಚಾರ ಮತ್ತು ಹಟ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಚಳ್ಳಕೆರೆ ಎಂದೂ ದಾರಿ ಇಲ್ಲದ ಊರಾಗಿರಲಿಲ್ಲವಲ್ಲ? ಹೌದು, ಇರಲಿಲ್ಲ. 1695ರಲ್ಲಿ ಮೊಗಲ್ ಸೇನಾಪತಿ ಕಾಸಿಂ ಖಾನನನ್ನು ಮರಾಠರ ಸಂತಾಜಿ ಘೋರ್ಪಡೆ ಮುತ್ತಿ ಮುಗಿಸಿದ್ದು ಚಳ್ಳಕೆರೆ ಪಕ್ಕದ ದೊಡ್ಡೇರಿಯಲ್ಲಿ. ದಂಡು ಬರುತ್ತಿದ್ದದ್ದು ಹೆದ್ದಾರಿಯಲ್ಲೇ. ಮೈಸೂರು ಅರಸರ ಕಾಲದಿಂದ ಇಲ್ಲಿನ ಕಾವಲುಗಳಲ್ಲಿ ಮೇಯುತ್ತಿದ್ದ ಅಮೃತಮಹಲ್ ರಾಸುಗಳು ಸೈನ್ಯದ ತೋಪು, ಸಾಮಾನು ಎಳೆಯಲೆಂದೇ ಬೆಳೆಸಿದ ತಳಿ. ಚಳ್ಳಕೆರೆಯ ಕಂಬಳಿ ಮತ್ತು ಎಣ್ಣೆ, ಮೊಳಕಾಲ್ಮುರಿನ ರೇಷ್ಮೆ ಸೀರೆ ದೂರದೂರಿನ ಸಂತೆ ಕಂಡಿವೆ. ಈಗ 150ಎ ಹೆದ್ದಾರಿ ಚಳ್ಳಕೆರೆಯ ಮೇಲೆ ಬಳ್ಳಾರಿಗೆ ಹೋಗುತ್ತದೆ. ಆದರೆ ಈ ದಾರಿಗಳೆಲ್ಲ ಊರನ್ನು ದಾಟಿ ಹೋಗುವ ದಾರಿಗಳು, ಇಲ್ಲವೇ ಸರಕನ್ನು ಹೊರಗೆ ಒಯ್ಯುವ ದಾರಿಗಳು. ನನ್ನ ವಾದ ಬರೀ ರಸ್ತೆಯ ಬಗ್ಗೆ ಅಲ್ಲ, ಖಾತರಿಯ ಬಗ್ಗೆ. ಇಳಿದ ಮೇಲೆ ಎತ್ತ ಹೋಗಬೇಕು, ಎಷ್ಟು ಹೊತ್ತಿಗೆ ವಾಪಸು ಬರಬಹುದು ಎಂಬುದು ಹೊರಡುವ ಮೊದಲೇ ಗೊತ್ತಿರುವುದು ಖಾತರಿ. ಅಂಥ ಖಾತರಿ ಕೊಟ್ಟಾಗ ಈ ಸೀಮೆಗೇ ಜನ ಹೇಗೆ ಬರುತ್ತಾರೆಂಬುದಕ್ಕೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು, ಗೌರಸಮುದ್ರ ಮಾರಮ್ಮನ ಜಾತ್ರೆ ಸಾಕ್ಷಿ. ಜಾತ್ರೆಯ ದಿನ ಯಾವುದೆಂದು ಊರಿಗೆಲ್ಲ ಗೊತ್ತು, ಅಂದು ವಿಶೇಷ ಬಸ್ಸುಂಟು, ಅನ್ನವುಂಟು, ಮರದ ನೆರಳಿನಲ್ಲಿ ಮಲಗಿದರೆ ಕೇಳುವವರಿಲ್ಲ. ಭಕ್ತಿಯಿಂದ ಬರುತ್ತಾರೆ ಎಂಬುದು ಸರಿಯೇ. ಆದರೆ ವರ್ಷದ ಉಳಿದ ದಿನಗಳಲ್ಲಿ ಅದೇ ದೇವರ ಮುಂದೆ ಅಷ್ಟು ಜನ ಇರುವುದಿಲ್ಲ ಎಂಬುದನ್ನೂ ಮರೆಯಬಾರದು.

ಜನ ಬಂದರೆ ಕಲ್ಲು ಹಾಳಾಗುತ್ತದೆ, ಬರದಿದ್ದರೇ ಒಳ್ಳೆಯದು ಎನ್ನುವವರೂ ಇದ್ದಾರೆ. ಜಟಾಯು ಬಿದ್ದ ಜಾಗವೆಂದು ಹೇಳುವ ಜಟಿಂಗ ರಾಮೇಶ್ವರದ ಬೆಟ್ಟದ ಶಾಸನ ಅವರ ಪರವಾಗಿ ನಿಲ್ಲುವಂತೆ ತೋರುತ್ತದೆ. ಅಲ್ಲಿನ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಗೆ ಬಂದ ಬಳೆಗಾರರು ಚಪ್ಪರದ ಗೂಟ ನಿಲ್ಲಿಸಲು ಅದರಲ್ಲಿ ಕುಳಿ ತೋಡುತ್ತಿದ್ದರು, ಮೂರರಲ್ಲಿ ಹೆಚ್ಚು ಸವೆದ ಶಾಸನವೂ ಅದೇ. ಆದರೆ ಬಳೆಗಾರರು ಕುಳಿ ತೋಡಿದ್ದು ಕಾಲಡಿಯಲ್ಲಿ ಏನಿದೆಯೆಂದು ಹೇಳುವವರಿಲ್ಲದ ಕಾಲದಲ್ಲಿ. ಶಾಸನವನ್ನು ಸವೆಸಿದ್ದು ಜನರ ಬರವಲ್ಲ, ತಿಳಿವಳಿಕೆ ಇಲ್ಲದ ಬರವು. ಬೇಡೆಕರನ ನಕ್ಷತ್ರ ಗುರುತಿಗೆ ಎರಡು ಕೆಲಸವಿತ್ತು: ಇಲ್ಲಿ ನಿಲ್ಲು ಎನ್ನುವುದು, ಇದು ಬೆಲೆಯುಳ್ಳದ್ದು ಎನ್ನುವುದು. ಕಾಪಾಡುವ ಮೊದಲ ಹೆಜ್ಜೆ ಆ ಎರಡನೆಯ ಕೆಲಸವೇ. ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆ ಈಗ ಈ ಬಂಡೆಗಳಿಗಿದೆ, ಆದರೆ ನೋಡುವವರಿಲ್ಲದ ರಕ್ಷಣೆ ಕಾಲಕ್ರಮದಲ್ಲಿ ಬರೀ ಬೀಗವಾಗಿಬಿಡುತ್ತದೆ.

ಹಾಗಾದರೆ ಮೊಳಕಾಲ್ಮುರು ಮುಂದೆ ಬರಬೇಕಾದರೆ ಏನಾಗಬೇಕು ಎಂಬ ಪ್ರಶ್ನೆಗೆ ಚರಿತ್ರೆ ಕೊಡುವ ಉತ್ತರದಲ್ಲಿ ಒಂದು ಕ್ರಮವಿದೆ. ರೆಸಾರ್ಟು, ತೂಗುಸೇತುವೆ, ಬೃಹತ್ ಪ್ರತಿಮೆ ಎಂದು ನೋಡುವ ವಸ್ತುವನ್ನು ಹೊಸದಾಗಿ ಹುಟ್ಟಿಸುವ ಯೋಚನೆ ಸಾಮಾನ್ಯವಾಗಿ ಮೊದಲು ಬರುತ್ತದೆ. ಇಲ್ಲಿ ವಸ್ತುವಿಗೆ ಕೊರತೆ ಇಲ್ಲ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆಯೇ ಅದು ಬಂದು ಕೂತಿದೆ. ರೈಲಿನ ಹೊತ್ತಿಗೆ ಹೊಂದುವ ಒಂದು ಬಸ್ಸು, ಅಡ್ಡದಾರಿಯ ಬಾಯಲ್ಲಿ ಕನ್ನಡದ ಬಾಣದ ಹಲಗೆ, ಬಂಡೆಯ ಪಕ್ಕದಲ್ಲಿ ಚಪಡ ಯಾರು, ಇಸಿಲ ಯಾವುದು, 256 ಎಂದರೇನು ಎಂದು ತಿಳಿಸುವ ಫಲಕ, ಕುಡಿಯುವ ನೀರು, ನೆರಳು: ಇಷ್ಟನ್ನೂ ಒಂದು ತಾಲ್ಲೂಕು ಆಡಳಿತ ಮತ್ತು ಒಂದು ಸಾರಿಗೆ ಡಿಪೋ ಸೇರಿ ಮಾಡಬಹುದು. ಇವುಗಳಲ್ಲಿ ಬಸ್ಸಿನ ವೇಳಾಪಟ್ಟಿ ಒಂದೇ ಸ್ವಿಸ್ಸರಿಂದ ಕಲಿಯಬೇಕಾದದ್ದು. ಬಾವಿ, ಮರ, ತಂಗುದಾಣ, ದಾರಿಯ ಬದಿಯ ಬರಹ ಇವುಗಳ ಪಟ್ಟಿಯನ್ನು ಅಶೋಕನೇ ಕೊಟ್ಟಿದ್ದಾನೆ.