ಮೂರು ಕಡತ, ಒಂದು ಗುಡ್ಡ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಮ್ಮ ಭಾವನಿಗೆ ಕೆಲಸ. ಲೇತ್ ಮಿಷನ್ನುಗಳಲ್ಲಿ ಬಿಡಿಭಾಗ ತಿರುವಿ ದೊಡ್ಡ ಕಂಪನಿಗಳಿಗೆ ಕಳಿಸುವ ಜಾಗ. ಹೋದ ವರ್ಷ ಅಲ್ಲಿಗೆ ಹೋದಾಗ ಅವರ ಮೇಜಿನ ಮೇಲೆ ನೀಲಿ, ಹಸಿರು, ಕೆಂಪು ಬಣ್ಣದ ಮೂರು ದಪ್ಪ ಕಡತಗಳಿದ್ದವು. ಗುಣಮಟ್ಟಕ್ಕೆ ಒಂದು, ಪರಿಸರಕ್ಕೆ ಒಂದು, ಕಾರ್ಮಿಕರ ಸುರಕ್ಷತೆಗೆ ಒಂದು. ಮೂರನ್ನೂ ಸೇರಿಸಿ ಒಂದೇ ಕಡತ ಮಾಡುವ ಕೆಲಸ ಅವರ ತಲೆಗೆ ಬಿದ್ದಿತ್ತು. "ಇಷ್ಟು ದಿನ ಮೂರು ಸಲ ಆಡಿಟ್, ಮೂರು ಸಲ ಟೀ-ಬಿಸ್ಕತ್ತು. ಇನ್ಮೇಲೆ ಒಂದೇ ಸಲ, ಅಷ್ಟೇನಮ್ಮ" ಎಂದು ನಕ್ಕರು.

ಆಮೇಲೆ ಶಾಪಿನೊಳಗೆ ಕರೆದುಕೊಂಡು ಹೋದರು. ಒಂದು ಮಿಷನ್ನಿನ ಕೆಳಗೆ ಕೂಲೆಂಟ್ ಎಣ್ಣೆ ಸೋರಿ ಅಂಗೈಯಗಲ ಹರಡಿತ್ತು. ಭಾವ ಅಲ್ಲಿ ನಿಂತು, "ಈಗ ಹೇಳು, ಇದು ಯಾವ ಫೈಲಿಗೆ ಹೋಗುತ್ತೆ?" ಎಂದು ಕೇಳಿದರು. ಮೇಲೆ ಕಾಲಿಟ್ಟವನು ಜಾರಿ ಬಿದ್ದರೆ ಕೆಂಪು. ತೊಳೆದು ಮೋರಿಗೆ ಬಿಟ್ಟರೆ ಹಸಿರು. ಸೋರುವ ಮಿಷನ್ನಿನಲ್ಲಿ ಕೂಲೆಂಟ್ ಕಡಿಮೆಯಾಗಿ ಬಿಸಿಯೇರಿ ಬಿಡಿಭಾಗದ ಅಳತೆ ತಪ್ಪಿದರೆ ನೀಲಿ. ಸೋರಿಕೆ ಒಂದೇ, ಕಡತ ಮಾತ್ರ ಮೂರು.

ಕೈಗಾರಿಕೆಯ ಸಾಮಾಜಿಕ ಚರಿತ್ರೆಯನ್ನು ಓದುತ್ತಿರುವ ನನ್ನನ್ನು ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಒಂದೇ ಸೂರಿನ ಕೆಳಗೆ ನಡೆಯುವುದನ್ನು ಮೂರಾಗಿ ಸೀಳಿದವರು ಯಾರು? ಅದನ್ನು ಮತ್ತೆ ಹೊಲಿಯಲು ಇಷ್ಟು ಕಾಲ ಏಕೆ ಬೇಕಾಯಿತು?

ಉತ್ತರ ಹುಡುಕುತ್ತಾ ಹೋದರೆ ಮೂರು ಬೇರೆ ಬೇರೆ ದೂರುಗಳು ಸಿಗುತ್ತವೆ.

ಮೊದಲನೆಯದು ದುಡಿಯುವವರದ್ದು. ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ಮಕ್ಕಳು ಹಗಲಿರುಳು ದುಡಿಯುತ್ತಿದ್ದ ಕಾಲದಲ್ಲಿ, 1833ರ ಕಾಯಿದೆ ಇಡೀ ದೇಶಕ್ಕೆ ನಾಲ್ವರು ಕಾರ್ಖಾನೆ ಇನ್ಸ್‌ಪೆಕ್ಟರುಗಳನ್ನು ನೇಮಿಸಿತು. ಭಾರತದಲ್ಲಿ 1881ರ ಮೊದಲ ಕಾರ್ಖಾನೆ ಕಾಯಿದೆ ಏಳು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದು ಎಂದಿತು. ಇನ್ಸ್‌ಪೆಕ್ಟರನ ಕಣ್ಣು ಗೇಟಿನ ಒಳಗೆ ಮಾತ್ರ. ಹೊಗೆ ಕೊಳವೆಯಿಂದ ಹೊರಗೆ ಹೋದ ಮೇಲೆ ಅದು ಅವನ ಕೆಲಸವಲ್ಲ.

ಎರಡನೆಯ ದೂರು ಗೇಟಿನ ಹೊರಗಿನವರದ್ದು. ಸೋಡಾ ತಯಾರಿಸುವ ಕಾರ್ಖಾನೆಗಳು ಉಗುಳುತ್ತಿದ್ದ ಹೈಡ್ರೋಕ್ಲೋರಿಕ್ ಆಮ್ಲದ ಹಬೆಗೆ ಸುತ್ತಲಿನ ಬೆಳೆ, ಮರ ಒಣಗಿ ಹೋಗುತ್ತಿದ್ದವು. ಜಮೀನ್ದಾರರು ಗದ್ದಲವೆಬ್ಬಿಸಿದರು. ಹಬೆಯ ನೂರರಲ್ಲಿ ತೊಂಬತ್ತೈದು ಪಾಲನ್ನು ಕೊಳವೆ ದಾಟುವ ಮೊದಲೇ ಹಿಡಿಯಬೇಕೆಂದು 1863ರಲ್ಲಿ ಆಲ್ಕಲಿ ಕಾಯಿದೆ ಬಂತು. ಅದರ ಮೊದಲ ಇನ್ಸ್‌ಪೆಕ್ಟರ್ ರಾಬರ್ಟ್ ಆಂಗಸ್ ಸ್ಮಿತ್, 'ಆಮ್ಲ ಮಳೆ' ಎಂಬ ಮಾತನ್ನು ಬಳಕೆಗೆ ತಂದ ರಸಾಯನ ವಿಜ್ಞಾನಿ. ಅದೇ ಹಬೆಯ ನಡುವೆ ನಿಂತು ದುಡಿಯುವವರ ಹಲ್ಲು ಸವೆಯುತ್ತಿದ್ದವು. ಆದರೆ ಆ ಕಾಯಿದೆ ಹುಟ್ಟಿದ್ದು ಹೊಲದವರ ದೂರಿನಿಂದ, ಹಲ್ಲಿನ ಮಾತು ಅದರಲ್ಲಿ ಬರಲಿಲ್ಲ.

ಮೂರನೆಯ ದೂರು ಕೊಳ್ಳುವವರದ್ದು. 1924ರ ಮೇ ತಿಂಗಳಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಎಂಬ ಎಂಜಿನಿಯರ್ ತನ್ನ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಬರೆದ. ಟೆಲಿಫೋನ್ ಬಿಡಿಭಾಗಗಳು ತಯಾರಾದ ಮೇಲೆ ಕೆಟ್ಟದ್ದನ್ನು ಆರಿಸಿ ಎಸೆಯುವ ಬದಲು, ತಯಾರಾಗುವಾಗಲೇ ಏರುಪೇರನ್ನು ಗುರುತಿಸುವ ನಕ್ಷೆ ಅದರಲ್ಲಿತ್ತು. ಎರಡನೆಯ ಮಹಾಯುದ್ಧದಲ್ಲಿ ಈ ವಿದ್ಯೆ ಮದ್ದುಗುಂಡಿನ ಕಾರ್ಖಾನೆಗಳನ್ನು ಹೊಕ್ಕಿತು. 1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನಗೆ ಸರಕು ಪೂರೈಸುವವರಿಗೆ ಗುಣಮಟ್ಟದ ನಿಯಮಾವಳಿಯನ್ನೇ ಹೊರಡಿಸಿತು. 1979ರಲ್ಲಿ ಬ್ರಿಟನ್ನಿನ ಬಿಎಸ್ 5750, 1987ರಲ್ಲಿ ಐಎಸ್‌ಒ 9000 ಈ ಸಾಲಿನಲ್ಲೇ ಬಂದವು. ಹೊರಬರುವ ವಸ್ತು ಕೊಳ್ಳುವವನು ಕೇಳಿದಂತೆ ಇದೆಯೇ ಎಂಬುದೇ ಅವುಗಳ ಮುಖ್ಯ ಪ್ರಶ್ನೆ. ಅದನ್ನು ತಯಾರಿಸಿದವನ ಬೆರಳು ನೆಟ್ಟಗಿದೆಯೇ ಎಂದು ಕೇಳುವುದು ಅವುಗಳ ಕೆಲಸವಾಗಿರಲಿಲ್ಲ.

ದೂರುಗಳು ಬೇರೆ, ಅವು ತಟ್ಟಿದ ಬಾಗಿಲುಗಳು ಬೇರೆ. ಹೀಗೆ ಮೂರು ಕಡತಗಳು ಹುಟ್ಟಿದವು. ಅನಾಹುತಗಳಿಗೆ ಮಾತ್ರ ಈ ಹಂಚಿಕೆ ಗೊತ್ತಿರಲಿಲ್ಲ.

ವೇಲ್ಸ್‌ನ ಅಬರ್‌ವ್ಯಾನ್ ಎಂಬ ಗಣಿ ಹಳ್ಳಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿನ ಕಲ್ಲಿದ್ದಲು ಗಣಿಯ ತ್ಯಾಜ್ಯವನ್ನು ಹಳ್ಳಿಯ ಮೇಲಿನ ಬೆಟ್ಟದ ಇಳಿಜಾರಿನಲ್ಲಿ ಸುರಿದು ಸುರಿದು ಏಳು ಗುಡ್ಡಗಳಾಗಿದ್ದವು. ಏಳನೆಯದನ್ನು 1958ರಲ್ಲಿ ಶುರು ಮಾಡಿದ್ದು ನೀರಿನ ಒರತೆಯ ಮೇಲೆ. ಆ ಒರತೆ ಸರ್ಕಾರಿ ನಕಾಶೆಯಲ್ಲೇ ಇತ್ತು. ಕಲ್ಲಿದ್ದಲನ್ನು ಚೊಕ್ಕಟ ಮಾಡಿ ಹೆಚ್ಚು ಪಾಲು ಪಡೆಯುವ ಪ್ರಕ್ರಿಯೆಯಲ್ಲಿ ಉಳಿಯುವ ನುಣುಪಾದ ಕೆಸರೂ ಆ ಗುಡ್ಡಕ್ಕೇ ಬೀಳುತ್ತಿತ್ತು. ನೀರು ಕುಡಿದರೆ ಅದು ಉಸುಬಿನಂತಾಗುತ್ತಿತ್ತು. ಹೊರಹೋಗುವ ಕಲ್ಲಿದ್ದಲು ಉತ್ತಮವಾದಷ್ಟೂ ಹಿಂದೆ ಉಳಿಯುವ ಗುಡ್ಡ ಅಪಾಯಕಾರಿಯಾಗುತ್ತಿತ್ತು.

ಗುಡ್ಡದ ಕೆಳಗೆ ಪ್ಯಾಂಟ್‌ಗ್ಲಾಸ್ ಶಾಲೆಯಿತ್ತು. ಶಾಲೆಯ ಹಿಂದೆ ಕಲ್ಲಿದ್ದಲ ಕೆಸರು ಸುರಿಯುವುದು ಅಪಾಯವೆಂದು 1963ರಲ್ಲೇ ಪುರಸಭೆಯ ಎಂಜಿನಿಯರ್ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಗೆ ಪತ್ರ ಬರೆದಿದ್ದರು. ಆದರೆ ಗುಡ್ಡ ಯಾರ ಲೆಕ್ಕಕ್ಕೂ ಸೇರಿರಲಿಲ್ಲ. ಗಣಿ ಇನ್ಸ್‌ಪೆಕ್ಟರುಗಳ ಕಾಯಿದೆ ನೆಲದಡಿಯ ಸುರಂಗ ಕುಸಿಯದಂತೆ ನೋಡುತ್ತಿತ್ತು. ನೆಲದ ಮೇಲಿನ ಗುಡ್ಡ ಜಾರಿದರೆ ಏನು ಎಂಬುದಕ್ಕೆ ನಿಯಮವಿರಲಿಲ್ಲ. ಮಂಡಳಿಗೂ ಗುಡ್ಡಗಳ ಬಗ್ಗೆ ಯಾವ ನೀತಿಯೂ ಇರಲಿಲ್ಲ.

1966ರ ಅಕ್ಟೋಬರ್ 21, ಶುಕ್ರವಾರ. ಬೆಳಿಗ್ಗೆ ಗುಡ್ಡದ ಮೇಲೆ ಕೆಲಸಕ್ಕೆ ಹೋದವರಿಗೆ ತುದಿ ಕುಸಿದಿರುವುದು ಕಂಡಿತು. ಅಲ್ಲಿ ಟೆಲಿಫೋನ್ ಇರಲಿಲ್ಲ, ತಂತಿಯನ್ನು ಯಾರೋ ಕದ್ದಿದ್ದರು. ಸುದ್ದಿ ಮುಟ್ಟಿಸಲು ಒಬ್ಬನನ್ನು ನಡೆಸಿ ಕಳಿಸಿದರು. ಒಂಬತ್ತು ಕಾಲರ ಹೊತ್ತಿಗೆ, ಮಕ್ಕಳು ಆಗಷ್ಟೇ ತರಗತಿಗಳಲ್ಲಿ ಕೂತಿದ್ದಾಗ, ಗುಡ್ಡ ಇಳಿದು ಬಂತು. 116 ಮಕ್ಕಳು, 28 ದೊಡ್ಡವರು ಸತ್ತರು. ಫೋನ್ ಇದ್ದಿದ್ದರೂ ಅವರು ಉಳಿಯುತ್ತಿರಲಿಲ್ಲ ಎಂದು ತನಿಖಾ ಮಂಡಳಿ ಹೇಳಿತು. ಉಳಿಸಬಹುದಾಗಿದ್ದ ಹೊತ್ತು ವರ್ಷಗಳ ಹಿಂದೆಯೇ ಕಳೆದಿತ್ತು. ಹೊಣೆ ಕಲ್ಲಿದ್ದಲು ಮಂಡಳಿಯದ್ದು ಎಂದು 1967ರ ವರದಿ ಸ್ಪಷ್ಟವಾಗಿ ಬರೆಯಿತು. ಆದರೂ ಯಾರ ಮೇಲೂ ಮೊಕದ್ದಮೆಯಾಗಲಿಲ್ಲ. ಉಳಿದ ಗುಡ್ಡಗಳನ್ನು ತೆಗೆಸಲು, ಸಂತ್ರಸ್ತರಿಗೆಂದು ಜನ ಕೊಟ್ಟಿದ್ದ ನಿಧಿಯಿಂದಲೇ ಒಂದೂವರೆ ಲಕ್ಷ ಪೌಂಡ್ ಪಡೆಯಲಾಯಿತು. ಆ ಹಣ ಹಿಂದಿರುಗಿದ್ದು 1997ರಲ್ಲಿ.

ಆಗ ಕಲ್ಲಿದ್ದಲು ಮಂಡಳಿಯ ಅಧ್ಯಕ್ಷರಾಗಿದ್ದವರು ಲಾರ್ಡ್ ರಾಬೆನ್ಸ್. 1970ರಲ್ಲಿ ಬ್ರಿಟನ್ನಿನ ಸರ್ಕಾರ ಕಾರ್ಮಿಕ ಸುರಕ್ಷತೆಯ ಕಾನೂನುಗಳನ್ನು ಪರಿಶೀಲಿಸಲು ಸಮಿತಿ ಮಾಡಿದಾಗ ಅದರ ಅಧ್ಯಕ್ಷತೆಯನ್ನೂ ಅವರಿಗೇ ಕೊಟ್ಟಿತು. ಮೊದಲ ಸಲ ಇದನ್ನು ಓದಿದಾಗ ನಾನು ಹೆಸರು ತಪ್ಪಾಗಿರಬೇಕೆಂದು ಮತ್ತೆ ನೋಡಿದ್ದೆ. ತಪ್ಪಾಗಿರಲಿಲ್ಲ. 1972ರ ಅವರ ವರದಿ ಹೇಳಿದ್ದರಲ್ಲಿ ಒಂದು ಮುಖ್ಯ ಸಂಗತಿ, ಕಾನೂನುಗಳು ಹಲವು ಇಲಾಖೆಗಳಲ್ಲಿ, ಹಲವು ತಪಾಸಣಾ ವಿಭಾಗಗಳಲ್ಲಿ ಚೂರುಚೂರಾಗಿ ಹಂಚಿಹೋಗಿವೆ ಎಂಬುದು. ಅದರಿಂದ ಹುಟ್ಟಿದ 1974ರ ಕಾಯಿದೆ ಮಾಲೀಕನ ಹೊಣೆಯನ್ನು ಕೆಲಸಗಾರರಿಗೆ ಮಾತ್ರ ಸೀಮಿತಗೊಳಿಸದೆ, ಆ ಕೆಲಸದಿಂದ ಅಪಾಯಕ್ಕೊಳಗಾಗುವ ಹೊರಗಿನವರಿಗೂ ಚಾಚಿತು. ಗೇಟಿನ ಒಳಗು ಹೊರಗುಗಳ ನಡುವಿನ ಗೆರೆ ಕಾನೂನಿನಲ್ಲಿ ಹೀಗೆ ಸ್ವಲ್ಪ ಅಳಿಸಿತು.

ಅಬರ್‌ವ್ಯಾನ್ ಬಗ್ಗೆ ಓದುವಾಗ ನನ್ನ ಕಣ್ಣ ಮುಂದೆ ನಿಂತದ್ದು ನಮ್ಮದೇ ಕೋಲಾರದ ಚಿನ್ನದ ಗಣಿ. ಅದಿರಿನಿಂದ ಸೈನೈಡ್ ಬಳಸಿ ಚಿನ್ನ ತೆಗೆಯುವ ವಿಧಾನಕ್ಕೆ ಸ್ಕಾಟ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1887ರಲ್ಲಿ. ಅದು ಕೆಜಿಎಫ್‌ಗೆ ಬಂದ ಮೇಲೆ ಅದೇ ಅದಿರಿನಿಂದ ಹೆಚ್ಚು ಚಿನ್ನ ಸಿಕ್ಕಿತು. ಅರೆದ ಹಿಟ್ಟು ಊರ ನಡುವೆಯೇ ಗುಡ್ಡವಾಯಿತು. ಸಿನಿಮಾದವರು ಕ್ಯಾಮೆರಾ ಇಟ್ಟು ಇಷ್ಟಪಡುವ ಆ ಬೋಳು ದಿಬ್ಬಗಳಿಗೆ ಊರಿನವರು 'ಸೈನೈಡ್ ಗುಡ್ಡ' ಎನ್ನುತ್ತಾರೆ. ಭೂಮಿಯೊಳಗೆ ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ಗೆ ಉಸಿರು ಒಪ್ಪಿಸಿದವರು ಒಂದು ಲೆಕ್ಕ. ಒಂದು ಶತಮಾನಕ್ಕೂ ಮೀರಿ ತೆಗೆದ ಸುಮಾರು 800 ಟನ್ ಚಿನ್ನ ಇನ್ನೊಂದು ಲೆಕ್ಕ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಎರಡೂ ಲೆಕ್ಕಪುಸ್ತಕಗಳು ಮುಚ್ಚಿದವು. ಗುಡ್ಡ ಮಾತ್ರ ಅಲ್ಲೇ ಇದೆ. ಬೇಸಿಗೆಯ ಗಾಳಿಗೆ ಅದರ ಧೂಳು ಈಗಲೂ ಮನೆಗಳೊಳಗೆ ಬರುತ್ತದೆ.

ಮೂರು ಕಡತಗಳ ನಡುವಿನ ಸಂದಿ ಎಷ್ಟು ಆಳ ಎಂದು ಭಾರತಕ್ಕೆ ಗೊತ್ತಾಗಿದ್ದು 1984ರ ಡಿಸೆಂಬರ್ 2ರ ರಾತ್ರಿ, ಭೋಪಾಲದಲ್ಲಿ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೆಯ ತೊಟ್ಟಿಯಲ್ಲಿದ್ದ ಮೀಥೈಲ್ ಐಸೊಸಯನೇಟ್‌ಗೆ ನೀರು ಸೇರಿತು. ಆ ದ್ರವವನ್ನು ತಣ್ಣಗಿಡಬೇಕಿದ್ದ ಶೀತಲ ಯಂತ್ರವನ್ನು ಜೂನ್‌ನಲ್ಲೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರದ ಕೊಳವೆಯನ್ನು ರಿಪೇರಿಗೆಂದು ಬಿಚ್ಚಿಡಲಾಗಿತ್ತು. ಅಧಿಕೃತ ಲೆಕ್ಕದಲ್ಲೇ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಸಂತ್ರಸ್ತರ ಸಂಘಟನೆಗಳ ಲೆಕ್ಕ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಶೀತಲ ಯಂತ್ರ ನಿಂತದ್ದು ಉತ್ಪಾದನೆಯ ವಿಷಯವೋ, ಸುರಕ್ಷತೆಯದ್ದೋ, ಪರಿಸರದ್ದೋ? ಇಲ್ಲಿಯೂ ಎಚ್ಚರಿಸಿದವರಿದ್ದರು. 1981ರಲ್ಲಿ ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲಕ್ಕೆ ಒಬ್ಬ ಕಾರ್ಮಿಕ ಬಲಿಯಾಗಿದ್ದ. ಅದರ ಬೆನ್ನು ಹತ್ತಿದ ಪತ್ರಕರ್ತ ರಾಜಕುಮಾರ್ ಕೇಸ್ವಾನಿ, ಊರಿಗೇ ಕಾದಿರುವ ಅಪಾಯದ ಬಗ್ಗೆ 1982ರಲ್ಲೇ ಬರೆದಿದ್ದರು.

ಆ ಮೇಲೆ ನಮ್ಮಲ್ಲೂ ಕಾನೂನು ಬದಲಾಯಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. 1987ರ ತಿದ್ದುಪಡಿ ಕಾರ್ಖಾನೆ ಕಾಯಿದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯವನ್ನು ಸೇರಿಸಿತು. ಅದರಂತೆ ಅಪಾಯದ ಮಾಹಿತಿಯನ್ನು ಕಾರ್ಮಿಕರಿಗಷ್ಟೇ ಅಲ್ಲದೆ ನೆರೆಹೊರೆಯವರಿಗೂ ಕೊಡಬೇಕಾಯಿತು; ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರೂ ಕೂರಬೇಕಾಯಿತು.

ಕಂಪನಿಗಳು ತಾವೇ ಪಾಲಿಸುವ ಮಾನದಂಡಗಳ ಲೋಕದಲ್ಲಿ ಕೂಡಿಕೆ ಇನ್ನೂ ನಿಧಾನವಾಗಿತ್ತು. ಪರಿಸರಕ್ಕೆ 1996ರಲ್ಲಿ ಐಎಸ್‌ಒ 14001 ಬಂತು. ಸುರಕ್ಷತೆಯ ಮಾನದಂಡ ಬೇಡವೆಂದು ಐಎಸ್‌ಒ ಅದೇ ವರ್ಷ ಕೈಬಿಟ್ಟಿತು. ಬೇರೆ ಸಂಸ್ಥೆಗಳು ಸೇರಿ 1999ರಲ್ಲಿ ಓಎಚ್‌ಎಸ್‌ಎಎಸ್ 18001 ಹೊರತಂದವು. ಮೂರನ್ನೂ ಹೊತ್ತ ಕಂಪನಿಗಳಿಗೆ ದಾರಿ ತೋರಲು 2006ರಲ್ಲಿ ಬ್ರಿಟನ್ನಿನಲ್ಲಿ ಪಾಸ್ 99 ಬಂತು. ಕೊನೆಗೆ 2012ರಲ್ಲಿ ಐಎಸ್‌ಒ ತನ್ನ ಎಲ್ಲ ನಿರ್ವಹಣಾ ಮಾನದಂಡಗಳಿಗೂ ಹತ್ತು ಅಧ್ಯಾಯಗಳ ಒಂದೇ ಚೌಕಟ್ಟು ಹಾಕಿತು. 2015ರಲ್ಲಿ ಗುಣಮಟ್ಟ ಮತ್ತು ಪರಿಸರ, 2018ರಲ್ಲಿ ಸುರಕ್ಷತೆಯ ಐಎಸ್‌ಒ 45001 ಅದೇ ಚೌಕಟ್ಟಿನಲ್ಲಿ ಬಂದವು. ಭಾವನ ಮೂರು ಕಡತ ಒಂದಾಗುವುದು ಸಾಧ್ಯವಾದದ್ದು ಇದರಿಂದ.

ಆದರೆ ಚೌಕಟ್ಟು ಒಂದೇ ಆದರೂ ಮೂರೂ ಪೂರ್ತಿ ಒಂದೇ ಅಳತೆಯವಲ್ಲ. ಐಎಸ್‌ಒ 45001ರಲ್ಲಿ ಉಳಿದೆರಡರಲ್ಲಿ ಇಲ್ಲದ ಒಂದು ವಿಭಾಗವಿದೆ: ಕಾರ್ಮಿಕರೊಂದಿಗೆ ಸಮಾಲೋಚಿಸಬೇಕು, ಅವರನ್ನು ತೀರ್ಮಾನಗಳಲ್ಲಿ ಒಳಗೊಳ್ಳಬೇಕು. ದುಡಿಯುವವರ ದೂರಿನಿಂದ ಹುಟ್ಟಿದ ಕಡತ ತನ್ನ ಜನ್ಮದ ಗುರುತನ್ನು ಹೀಗೆ ಉಳಿಸಿಕೊಂಡಿದೆ. ಮೂರನ್ನೂ ಸೇರಿಸಿ ಹೊಲಿಯುವವರು, ಸಮನಾಗಿಸುವ ಭರದಲ್ಲಿ, ಮೊದಲು ಮರೆಯುವುದು ಇದನ್ನೇ ಇರಬಹುದು ಎಂಬುದು ನನ್ನ ಭಯ.

ಭಯಕ್ಕೆ ಕಾರಣವಿದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ಕಟ್ಟೆಗೆ ಹಿರಿಯ ಅಧಿಕಾರಿಗಳು ಬಂದಿದ್ದರು. ಏಳು ವರ್ಷ ಯಾರೂ ಗಾಯಗೊಂಡು ಕೆಲಸ ತಪ್ಪಿಸಿಕೊಂಡಿಲ್ಲ ಎಂದು ಸಿಬ್ಬಂದಿಯನ್ನು ಮೆಚ್ಚುವುದೂ ಆ ಭೇಟಿಯ ಒಂದು ಉದ್ದೇಶ. ಬಾವಿಯ ತಳಕ್ಕೆ ಹಾಕಿದ್ದ ಸಿಮೆಂಟು ಹಿಡಿದಿರಲಿಲ್ಲ. ಅದನ್ನು ತೋರಿಸಿಕೊಟ್ಟ ಒತ್ತಡದ ಪರೀಕ್ಷೆಯನ್ನು ತಪ್ಪಾಗಿ ಓದಲಾಯಿತು. ಆ ರಾತ್ರಿ 11 ಜನ ಸತ್ತರು, 87 ದಿನ ಎಣ್ಣೆ ಸಮುದ್ರಕ್ಕೆ ಹರಿಯಿತು. ಸಿಮೆಂಟು ನೀಲಿ ಕಡತ, ಸತ್ತವರು ಕೆಂಪು, ಸಮುದ್ರ ಹಸಿರು. ಕೆಂಪು ಕಡತದ ಅಂಕಿಗಳು ಅಂದು ಸಂಜೆಯವರೆಗೂ ಚೆನ್ನಾಗಿಯೇ ಇದ್ದವು.

ಈ ಚರಿತ್ರೆಯನ್ನು ಓದಿದ ಮೇಲೆ ನನಗೆ ಅನಿಸುವುದಿಷ್ಟು. ಮೂರು ವ್ಯವಸ್ಥೆಗಳನ್ನು ಕೂಡಿಸುವುದನ್ನು ಖರ್ಚು ಉಳಿಸುವ ಉಪಾಯವೆಂದು ಮಾರಲಾಗುತ್ತದೆ. ಅದರ ಹಿಂದಿರುವುದು ಕಡತಗಳ ಸಂದಿಯಲ್ಲಿ ಬಿದ್ದುಹೋದವರ ದೊಡ್ಡ ಪಟ್ಟಿ. ಆ ಸಂದಿಯನ್ನು ಮೊದಲು ಕಂಡವರು ಪುರಸಭೆಯ ಎಂಜಿನಿಯರ್, ಸ್ಥಳೀಯ ಪತ್ರಕರ್ತ, ಗುಡ್ಡದ ತುದಿಯಲ್ಲಿ ನಿಂತ ಕೆಲಸಗಾರ. ಅವರ ಮಾತು ಮೇಲೆ ತಲುಪುವ ದಾರಿ ಇಲ್ಲದಿದ್ದರೆ ಮೂರು ಕಡತ ಒಂದಾದರೂ ದಪ್ಪವಾದ ಒಂದು ಕಡತ ಮಾತ್ರ ಉಳಿಯುತ್ತದೆ.

ಇತ್ತೀಚೆಗೆ ಭಾವ ಸಿಕ್ಕಾಗ ಕಡತ ಮುಗಿಯಿತೇ ಎಂದು ಕೇಳಿದೆ. ಮುಗಿದಿದೆ, ಆಡಿಟ್ಟೂ ಆಯಿತು ಎಂದರು. "ಮತ್ತೆ ಆ ಎಣ್ಣೆ?" ಎಂದೆ. ಸೀಲ್ ಬದಲಾಯಿಸಿದ್ದಾರಂತೆ. ಸೋರಿಕೆಯನ್ನು ಮೊದಲು ನೋಡಿದವನು ನೆಲ ಒರೆಸುವ ಹುಡುಗ. ಎರಡು ತಿಂಗಳಿಂದ ದಿನಾ ಮರದ ಹೊಟ್ಟು ಹಾಕಿ ಒರೆಸುತ್ತಿದ್ದನಂತೆ. "ಯಾಕೋ ಹೇಳಲಿಲ್ಲ ಅಂತ ಕೇಳಿದೆ" ಎಂದರು ಭಾವ. "ಯಾರಿಗೆ ಹೇಳ್ಬೇಕು ಸಾರ್ ಅಂದ."