ಹವ್ಯಾಸಿಯ ಹಣ, ನರಜಾಲದ ಯಂತ್ರ

ಹಿರೇಬೆಂಡಿಗೇರಿಯಂಥ ಊರಿನ ತರುಣನೊಬ್ಬನು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕಲಿತು, ಕೃತಕ ನರಜಾಲದ ವಿದ್ಯೆಗೆ ಮನಸೋತು, ಗೋವಿನಜೋಳ ಮಾರಿದ ಮನೆಯ ಹಣಕ್ಕೆ ಕೈಚಾಚದೆ ಸ್ವಂತ ಸಂಬಳದಲ್ಲಿಯೇ ಉಳಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಬೆಲೆಯನ್ನು ವಿಚಾರಿಸುವನೆಂದರೆ, ಅವನು ಮಾಡಹೊರಟ ವೆಚ್ಚಕ್ಕೆ ಒಂದು ಪೂರ್ವಚರಿತ್ರೆಯುಂಟು. ಅದನ್ನು ದುಂದೆಂದು ಹಳಿಯುವ ಹಿರಿಯರು ಆ ಚರಿತ್ರೆಯನ್ನು ಅರಿಯುವುದು ಲೇಸು.

1958ರ ಸುಮಾರಿಗೆ ಅಮೆರಿಕದಲ್ಲಿ ಫ್ರ್ಯಾಂಕ್ ರೋಸೆನ್‌ಬ್ಲಾಟ್ ರೂಪಿಸಿದ ಪರ್ಸೆಪ್ಟ್ರಾನ್ ಎಂಬ ನರಜಾಲದ ಯಂತ್ರವು 400 ಬೆಳಕಿನ ಕೋಶಗಳ ಮೂಲಕ ಆಕೃತಿಗಳನ್ನು ಗುರುತಿಸಲು ಕಲಿತಿತಾದರೂ, ನೌಕಾಪಡೆಯ ಧನಸಹಾಯವಿಲ್ಲದೆ ಅದು ಹುಟ್ಟುತ್ತಿರಲಿಲ್ಲ. ಗೃಹಸ್ಥನ ಕೈಗೆ ಎಟುಕುವ ವಸ್ತು ಅದಾಗಿರಲಿಲ್ಲ. ಅರ್ಧ ಶತಮಾನದ ತರುವಾಯ, ಕಂಪ್ಯೂಟರ್ ಆಟಗಳ ದೃಶ್ಯಗಳನ್ನು ಪರದೆಯ ಮೇಲೆ ಮೂಡಿಸಲೆಂದು ನಿರ್ಮಿತವಾದ ಕಾರ್ಡುಗಳು ಅಸಂಖ್ಯ ಗುಣಾಕಾರಗಳನ್ನು ಏಕಕಾಲದಲ್ಲಿ ಮಾಡಬಲ್ಲವಾದ್ದರಿಂದ, ಅಂಥ ಗುಣಾಕಾರಗಳನ್ನೇ ಉಸಿರಾಗಿಸಿಕೊಂಡ ನರಜಾಲಕ್ಕೂ ಅವು ಒದಗಿಬಂದುವು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಅಲೆಕ್ಸ್ ಕ್ರಿಜೆವ್‌ಸ್ಕಿ, ತಂದೆತಾಯಿಯರ ಮನೆಯ ಮಲಗುವ ಕೋಣೆಯಲ್ಲಿ, ತಲಾ 3 ಜಿಬಿ ಮೆಮೊರಿಯ ಎರಡು ಜಿಟಿಎಕ್ಸ್ 580 ಕಾರ್ಡುಗಳನ್ನು ಐದಾರು ದಿನ ಓಡಿಸಿ, 12 ಲಕ್ಷ ಚಿತ್ರಗಳಿಂದ ತನ್ನ ಜಾಲವನ್ನು ಪಳಗಿಸಿ, ಚಿತ್ರಗಳನ್ನು ಗುರುತಿಸುವ ಆ ವರ್ಷದ ಇಮೇಜ್‌ನೆಟ್ ಸ್ಪರ್ಧೆಯನ್ನು ಗೆದ್ದನು. ಅಂಗಡಿಯಲ್ಲಿ ಯಾರಿಗಾದರೂ ಸಿಗುವ ಆಟದ ಸಾಮಾನಿನಿಂದ ಇಷ್ಟು ಸಾಧ್ಯವಾಯಿತೆಂಬುದೇ ಹವ್ಯಾಸಿಗಳಿಗೆ ದೊರೆತ ಮಹತ್ತರವಾದ ಅಭಯ.

ಅಭಯವೇನೋ ದೊರೆಯಿತು, ಬೆಲೆ ಮಾತ್ರ ಇಳಿಯಲಿಲ್ಲ. 2017ರಲ್ಲಿಯೂ 2021ರಲ್ಲಿಯೂ ಕ್ರಿಪ್ಟೋ ನಾಣ್ಯದ ಗಣಿಗಾರಿಕೆ ಮಾಡುವವರು ಕಾರ್ಡುಗಳನ್ನು ರಾಶಿರಾಶಿಯಾಗಿ ಕೊಂಡುದರಿಂದ ಅವು ದುರ್ಲಭವಾದುವು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯವು ಈ ಗಣಿಗಾರಿಕೆಯ ಪದ್ಧತಿಯನ್ನು ತ್ಯಜಿಸಿದ ಮೇಲೆ ಸೆಕೆಂಡ್ ಹ್ಯಾಂಡ್ ಕಾರ್ಡುಗಳು ಪೇಟೆಗೆ ಹರಿದುಬಂದುವು. 2021ರ ಆರ್‌ಟಿಎಕ್ಸ್ 3060, ತನಗಿಂತ ದುಬಾರಿಯಾದ 3070ಕ್ಕೆ 8 ಜಿಬಿ ಮಾತ್ರವಿರಲು, ತಾನು 12 ಜಿಬಿ ಹೊತ್ತು ಬಂದುದರಿಂದ ಮಿತವ್ಯಯಿಗಳಿಗೆ ಪ್ರಿಯವಾಯಿತು. ಇನ್ನು 450 ವ್ಯಾಟಿನ ಆರ್‌ಟಿಎಕ್ಸ್ 4090 ಹತ್ತು ಗಂಟೆ ಪೂರ್ಣವೇಗದಲ್ಲಿ ಓಡಿದರೆ ನಾಲ್ಕೂವರೆ ಯೂನಿಟ್ ಕರೆಂಟು ಬೇಕು; ವೋಲ್ಟೇಜು ಏರಿಳಿಯುವ ಊರಿನಲ್ಲಿ ಯುಪಿಎಸ್ಸಿನ ಖರ್ಚು ಬೇರೆ.

ಕನ್ನಡಕ್ಕೂ ಈ ಚರಿತ್ರೆಯಲ್ಲಿ ಪಾಲುಂಟು. 2019ರಲ್ಲಿ ವಿನಯ್ ಉದಯ್ ಪ್ರಭು ಅವರು ಬೆಂಗಳೂರಿನ 65 ಮಂದಿ ಸ್ವಯಂಸೇವಕರಿಂದ ಕನ್ನಡ ಅಂಕಿಗಳನ್ನು ಬರೆಯಿಸಿ, ಕನ್ನಡ-ಎಂನಿಸ್ಟ್ ಎಂಬ ಸಂಗ್ರಹವನ್ನು ಸಕಲರಿಗೂ ಮುಕ್ತವಾಗಿ ಒದಗಿಸಿದರು. 28 ಚುಕ್ಕಿ ಅಗಲ, 28 ಚುಕ್ಕಿ ಎತ್ತರದ ಆ ಪುಟ್ಟ ಚಿತ್ರಗಳನ್ನು ಕಲಿಸಲು ಹಳೆಯ ಕಾರ್ಡೇ ಸಾಕು. ಆದರೆ ಕನ್ನಡದ ವಾಕ್ಯಗಳನ್ನು, ನಮ್ಮ ಸೀಮೆಯ ಮಾತಿನ ಧ್ವನಿಯನ್ನು ಯಂತ್ರಕ್ಕೆ ಕಲಿಸಬೇಕೆಂದು ಹೊರಟವನಿಗೆ ಮೆಮೊರಿಯೇ ಮೊದಲ ತೊಡಕು. ಆದುದರಿಂದಲೇ ಅವನು ಅಂಗಡಿಯಲ್ಲಿ ವೇಗಕ್ಕಿಂತ ಮೊದಲು ಕೇಳುವುದು ಜಿಬಿ ಎಷ್ಟೆಂಬುದನ್ನು.